ಒಡೆದ ಪದದಿಂದ ಪುಲ್ ರಿಕ್ವೆಸ್ಟ್‌ವರೆಗೆ: ಪಿ5.ಜೆಎಸ್ ಯೋಜನೆಗೆ ಕೊಡುಗೆ ನೀಡುವ ಸಮಗ್ರ ಮಾರ್ಗದರ್ಶಿ

ಶಿರಸಿಯಲ್ಲಿ ನಾನು ಭಾನುವಾರ ಬೆಳಿಗ್ಗೆ ಪ್ರೌಢಶಾಲೆಯ ಕೆಲವು ಮಕ್ಕಳಿಗೆ ಕೋಡಿಂಗ್ ಹೇಳಿಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಅವರಲ್ಲೊಬ್ಬ ಹುಡುಗಿ ‘ಯಕ್ಷಗಾನ’ ಎಂಬ ಪದದ ಅಕ್ಷರಗಳು ಮಳೆಹನಿಗಳಂತೆ ಒಂದೊಂದಾಗಿ ಉದುರಿ ಕೆಳಗೆ ಸಾಲಾಗಿ ನಿಲ್ಲುವ ಸ್ಕೆಚ್ (ಬ್ರೌಸರ್‌ನಲ್ಲಿ ಚಿತ್ರ ಮೂಡಿಸುವ ಪಿ5.ಜೆಎಸ್ ತಂತ್ರಾಂಶದ ಸಣ್ಣ ಪ್ರೋಗ್ರಾಂ) ಬರೆದಿದ್ದಳು. ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೊಟ್ಟಾಗ ಎಲ್ಲವೂ ಸರಿಯಾಗಿಯೇ ಉದುರಿತ್ತು. ಕನ್ನಡದ ಪದವನ್ನು ಕೊಟ್ಟಾಗ ಮೊದಲು ‘ಯ’ ಬಿದ್ದಿತು, ಬಳಿಕ ‘ಕ’, ಅದರ ಹಿಂದೆಯೇ ಚುಕ್ಕೆಗಳ ಬಳೆಗೆ ಅಂಟಿಕೊಂಡ ಒಂದು ಕೊಂಬು, ಆಮೇಲೆ ಒಂಟಿ ‘ಷ’. ಗಾ ಎಂಬಲ್ಲಿ ‘ಗ’ ಒಂದು ಕಡೆ, ದೀರ್ಘ ಇನ್ನೊಂದು ಕಡೆ. “ಸರ್, ಕ್ಷ ಒಡೆದು ಹೋಯ್ತು” ಎಂದಳು.

ಕ್ರಿಯೇಟಿವ್ ಕೋಡಿಂಗ್ (ಕೋಡ್ ಬರೆದು ಕಲೆ ಮಾಡುವ) ಯೋಜನೆಯೊಂದಕ್ಕೆ ಕೊಡುಗೆ ನೀಡಲು ಹೊರಡುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ. ಕೊಡುಗೆಯೆಂದರೆ ಹೊಸ ಫೀಚರ್ ಬರೆದುಕೊಡುವುದು ಎಂದು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ತಿಳಿದಿದ್ದಾರೆ, ಆ ತಿಳಿವಳಿಕೆಯಿಂದಲೇ ಹೆದರಿ ದೂರ ಉಳಿಯುತ್ತಾರೆ. ನನ್ನ ಅನುಭವದಲ್ಲಿ ಎಲ್ಲಿ ಒಡೆದಿದೆ ಎಂಬುದನ್ನು ಬೇರೆಯವರಿಗೂ ಕಾಣುವಂತೆ ತೋರಿಸಿಕೊಡುವುದೇ ಅತ್ಯಂತ ಬೇಡಿಕೆಯ ಕೆಲಸ. ದುರಸ್ತಿ ಆಮೇಲಿನದು, ಎಷ್ಟೋ ಸಲ ಅದನ್ನು ಬೇರೆ ಯಾರೋ ಮಾಡುತ್ತಾರೆ. ಆದ್ದರಿಂದ ಈ ಬರಹದಲ್ಲಿ ಆ ಒಡೆದ ‘ಕ್ಷ’ವನ್ನೇ ಹಿಡಿದುಕೊಂಡು, ಅದನ್ನು ಪಿ5.ಜೆಎಸ್ ಯೋಜನೆಯ ಬಾಗಿಲವರೆಗೆ ಒಯ್ಯುವ ದಾರಿಯನ್ನು ಹಂತ ಹಂತವಾಗಿ ವಿವರಿಸುತ್ತೇನೆ.

ಯೋಜನೆಯ ಹಿನ್ನೆಲೆ

ಕೇಸಿ ರಿಯಾಸ್ ಮತ್ತು ಬೆನ್ ಫ್ರೈ ಎಂಬಿಬ್ಬರು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿದ್ದಾಗ, 2001ರಲ್ಲಿ ಪ್ರೊಸೆಸಿಂಗ್ ಎಂಬ ತಂತ್ರಾಂಶವನ್ನು ಆರಂಭಿಸಿದರು. ಕಲಾವಿದರು ಮತ್ತು ವಿನ್ಯಾಸಕಾರರು ಪೆನ್ಸಿಲ್ ಹಿಡಿದಷ್ಟು ಸಲೀಸಾಗಿ ಕೋಡ್ ಬರೆಯುವಂತಾಗಬೇಕೆಂಬುದು ಅದರ ಆಶಯವಾಗಿತ್ತು. ಅಲ್ಲಿ ಬರೆಯುವ ಪ್ರೋಗ್ರಾಮನ್ನು ಇಂದಿಗೂ ಸ್ಕೆಚ್ ಎಂದೇ ಕರೆಯುವುದಕ್ಕೆ ಕಾರಣ ಅದೇ. ಪ್ರೊಸೆಸಿಂಗ್ ಫೌಂಡೇಶನ್ 2012ರಲ್ಲಿ ಸ್ಥಾಪನೆಯಾಯಿತು. ಮರುವರ್ಷ ಲಾರೆನ್ ಮೆಕಾರ್ಥಿ ಅದೇ ಆಶಯವನ್ನು ಜಾವಾಸ್ಕ್ರಿಪ್ಟ್ ಮೂಲಕ ಬ್ರೌಸರ್‌ಗೆ ತರುವ ಕೆಲಸಕ್ಕೆ ಕೈಹಾಕಿದರು, ಅದೇ ಪಿ5.ಜೆಎಸ್. ಇದರ 1.0 ಆವೃತ್ತಿ 2020ರಲ್ಲಿ, 2.0 ಆವೃತ್ತಿ 2025ರಲ್ಲಿ ಹೊರಬಂದವು. ಇದರ ಪರವಾನಗಿ ಎಲ್‌ಜಿಪಿಎಲ್ 2.1 ಎಂಬ ಮುಕ್ತ ಪರವಾನಗಿ.

ಕೊಡುಗೆ ನೀಡುವವರು ಇತಿಹಾಸಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದ ನಿಲುವೊಂದಿದೆ. ತಂತ್ರಾಂಶವು ಈವರೆಗೆ ಯಾರ ಕೈಗೆ ಎಟುಕಿಲ್ಲವೋ ಅವರಿಗೆ ಎಟುಕುವಂತೆ ಮಾಡುವ ಹೊಸ ಫೀಚರ್‌ಗಳನ್ನು ಮಾತ್ರ ಸೇರಿಸಿಕೊಳ್ಳುವುದಾಗಿ ಪಿ5.ಜೆಎಸ್ ತಂಡ 2019ರಲ್ಲಿ ತೀರ್ಮಾನಿಸಿತು. ಹೊಸ ಫೀಚರ್ ಕೇಳುವ ಅರ್ಜಿಯಲ್ಲಿಯೇ ‘ಇದರಿಂದ ಯಾರಿಗೆ ಪ್ರವೇಶ ಸಿಗುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕು. ‘ನೋಡಲು ಚೆನ್ನಾಗಿರುತ್ತದೆ’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ‘ಕನ್ನಡದಲ್ಲಿ ಬರೆಯುವವರಿಗೆ ಇದು ಹೀಗೆ ತಡೆಯಾಗಿದೆ’ ಎಂಬ ಉತ್ತರ ನಡೆಯುತ್ತದೆ.

ಬೇಕಾದ ಸಾಮಗ್ರಿ

ಸಾಧಾರಣ ಲ್ಯಾಪ್‌ಟಾಪ್, ಗಿಟ್‌ಹಬ್ (ಯೋಜನೆಯ ಕೋಡ್ ಇರುವ ಜಾಲತಾಣ) ಖಾತೆ, ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ), ನೋಡ್.ಜೆಎಸ್ (ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮತ್ತು ಕೋಡ್ ಬರೆಯುವ ಒಂದು ಎಡಿಟರ್ ಇದ್ದರೆ ಸಾಕು. ದಾಖಲೆಯಲ್ಲಿ ಒಂದೆರಡು ಸಾಲು ತಿದ್ದುವವರಿಗೆ ಇಷ್ಟೂ ಬೇಕಿಲ್ಲ, ಗಿಟ್‌ಹಬ್ ಪುಟದಲ್ಲಿಯೇ ಪೆನ್ಸಿಲ್ ಗುರುತು ಒತ್ತಿ ತಿದ್ದಬಹುದು. ಮಲೆನಾಡಿನ ಕಡೆಯವರಿಗಾಗಿ ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಯೋಜನೆಯ ಪೂರ್ಣ ರೆಪೊಸಿಟರಿಯನ್ನು (ಕೋಡಿನ ಭಂಡಾರವನ್ನು) ಇಳಿಸಿಕೊಂಡರೆ ವರ್ಷಾನುವರ್ಷದ ಬದಲಾವಣೆಗಳೆಲ್ಲವೂ ಜೊತೆಗೆ ಬರುತ್ತವೆ, ಮಳೆಗಾಲದಲ್ಲಿ ನೆಟ್‌ವರ್ಕ್ ಅಷ್ಟು ಹೊತ್ತು ನಿಲ್ಲುವ ಭರವಸೆಯಿಲ್ಲ. ಗಿಟ್‌ನ ಕ್ಲೋನ್ ಆದೇಶಕ್ಕೆ ‘ಡೆಪ್ತ್ 1’ ಎಂಬ ಆಯ್ಕೆಯನ್ನು ಸೇರಿಸಿದರೆ ಇತ್ತೀಚಿನ ಸ್ಥಿತಿ ಮಾತ್ರ ಬರುತ್ತದೆ, ಹೊರೆ ಬಹಳಷ್ಟು ಇಳಿಯುತ್ತದೆ. ಆಮೇಲೆ ಬೇಕೆನಿಸಿದರೆ ಹಳೆಯ ಇತಿಹಾಸವನ್ನು ಪೇಟೆಗೆ ಹೋದಾಗ ತರಿಸಿಕೊಂಡರಾಯಿತು.

ಮೊದಲ ಹಂತ: ತಪ್ಪು ಯಾರದೆಂದು ಗೊತ್ತುಮಾಡಿಕೊಳ್ಳುವುದು

ಕಂಡ ತೊಂದರೆಯನ್ನೆಲ್ಲ ಗ್ರಂಥಾಲಯದ (ಲೈಬ್ರರಿ, ಅಂದರೆ ನಮ್ಮ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು; ಇಲ್ಲಿ ಪಿ5.ಜೆಎಸ್) ತಲೆಗೆ ಕಟ್ಟುವ ಆತುರ ಬೇಡ. ತೊಂದರೆ ನಮ್ಮ ಕೋಡಿನಲ್ಲಿರಬಹುದು, ಪಿ5.ಜೆಎಸ್‌ನಲ್ಲಿರಬಹುದು, ಅದರ ಕೆಳಗಿರುವ ಜಾವಾಸ್ಕ್ರಿಪ್ಟ್ ಅಥವಾ ಬ್ರೌಸರ್‌ನಲ್ಲಿರಬಹುದು, ಇಲ್ಲವೇ ಫಾಂಟಿನಲ್ಲಿರಬಹುದು. ಇವನ್ನು ಬೇರ್ಪಡಿಸುವ ಉಪಾಯ ಒಂದೇ: ದೋಷ ಕಾಣಿಸುತ್ತಲೇ ಇರುವಂತೆ ನೋಡಿಕೊಂಡು ಸ್ಕೆಚ್ಚಿನಿಂದ ಒಂದೊಂದೇ ಸಾಲನ್ನು ಕಿತ್ತುಹಾಕುತ್ತ ಹೋಗಬೇಕು. ನಮ್ಮ ಮಳೆಯ ಸ್ಕೆಚ್ಚಿನಲ್ಲಿ ಮೊದಲು ಬಣ್ಣ ತೆಗೆದೆವು, ಬಳಿಕ ಉದುರುವ ಚಲನೆಯನ್ನು ತೆಗೆದೆವು, ಫಾಂಟ್ ತೆಗೆದೆವು. ಕೊನೆಗೆ ಉಳಿದವು ಎರಡೇ ಸಾಲು. ಟೆಕ್ಸ್ಟ್ ಎಂಬ ಫಂಕ್ಷನ್‌ಗೆ ‘ಯಕ್ಷಗಾನ’ವನ್ನು ಇಡಿಯಾಗಿ ಕೊಟ್ಟಾಗ ಅದು ಚೆಂದವಾಗಿಯೇ ಮೂಡಿತು. ಪದವನ್ನು ಬಿಡಿಬಿಡಿಯಾಗಿ ಕತ್ತರಿಸಿ ಕೊಟ್ಟಾಗ ಮಾತ್ರ ಒಡೆಯಿತು. ಅಂದರೆ ಕತ್ತರಿಸಿದ ಕೈ ನಮ್ಮದೇ.

ಹೀಗಾಗಲು ಕಾರಣವೇನೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾವು ಓದುವಾಗ ‘ಯಕ್ಷಗಾನ’ದಲ್ಲಿ ನಾಲ್ಕು ಅಕ್ಷರಗಳು: ಯ, ಕ್ಷ, ಗಾ, ನ. ಯೂನಿಕೋಡ್ ಲೆಕ್ಕದಲ್ಲಿ ಅಲ್ಲಿರುವುದು ಏಳು ಸಂಕೇತಗಳು: ಯ, ಕ, ವಿರಾಮದ ಕೊಂಬು (‘ಕ್’ನಲ್ಲಿ ಸ್ವರವಿಲ್ಲವೆಂದು ತೋರಿಸುವ ಗುರುತು, ‘ಕು’ವಿನ ಕೊಂಬಲ್ಲ), ಷ, ಗ, ದೀರ್ಘದ ಗುರುತು, ನ. ಜಾವಾಸ್ಕ್ರಿಪ್ಟಿಗೆ ಪದದ ಉದ್ದ ಕೇಳಿದರೆ 7 ಎನ್ನುತ್ತದೆ. ಅದೇ ರೀತಿ ‘ಹೊನ್ನಾವರ’ದ ನಾಲ್ಕು ಅಕ್ಷರ ಎಂಟಾಗುತ್ತದೆ, ‘ಅಂಕೋಲಾ’ದ ಮೂರು ಆರಾಗುತ್ತದೆ, ‘ಭಟ್ಕಳ’ದ ಮೂರು ಐದಾಗುತ್ತದೆ. ಕಾಗುಣಿತದ ಗುರುತು ತನ್ನ ವ್ಯಂಜನವನ್ನು ಬಿಟ್ಟು ಒಂಟಿಯಾಗಿ ನಿಂತಾಗ, ಇಲ್ಲೊಂದು ಅಕ್ಷರ ಇರಬೇಕಿತ್ತು ಎಂದು ಸೂಚಿಸಲು ಚುಕ್ಕೆಗಳ ಬಳೆ ಮೂಡುತ್ತದೆ. ಹುಡುಗಿಗೆ ಕಂಡ ಬಳೆ ಅದೇ.

ಇದಕ್ಕೆ ಪರಿಹಾರವೂ ಜಾವಾಸ್ಕ್ರಿಪ್ಟ್‌ನಲ್ಲಿಯೇ ಇದೆ. ಇಂಟ್ಲ್.ಸೆಗ್ಮೆಂಟರ್ ಎಂಬ ಸೌಲಭ್ಯ ಪದವನ್ನು ಸಂಕೇತಗಳಾಗಿ ಕತ್ತರಿಸದೆ ಓದುಗರ ಕಣ್ಣಿಗೆ ಕಾಣುವ ಗುಂಪುಗಳಾಗಿ ಬಿಡಿಸಿಕೊಡುತ್ತದೆ; ಫೈರ್‌ಫಾಕ್ಸ್‌ಗೆ ಇದು ಬಂದದ್ದು 2024ರಲ್ಲಿ, ಆದ್ದರಿಂದ ಹಳೆಯ ಬ್ರೌಸರ್ ಇರುವ ಶಾಲೆಯ ಕಂಪ್ಯೂಟರ್‌ಗಳಲ್ಲಿ ಕೈಕೊಡಬಹುದು. ಇದನ್ನು ಬಳಸಿದಾಗ ‘ಗಾ’ ಒಂದಾಗಿ ಉಳಿಯುತ್ತದೆ. ಒತ್ತಕ್ಷರದ ವಿಷಯದಲ್ಲಿ ಮಾತ್ರ ಕಣ್ಣುಮುಚ್ಚಿ ನೆಚ್ಚುವಂತಿಲ್ಲ, ‘ಕ್’ ಒಂದು ತುಂಡಾಗಿ ‘ಷ’ ಇನ್ನೊಂದು ತುಂಡಾಗಿ ಬರಬಹುದು. ಹಾಗಾಗಿ ಯಾವ ತುಂಡು ವಿರಾಮದ ಕೊಂಬಿನಲ್ಲಿ ಮುಗಿಯುತ್ತದೆಯೋ ಅದನ್ನು ಮುಂದಿನ ತುಂಡಿಗೆ ಅಂಟಿಸುವ ಒಂದು ಸಣ್ಣ ನಿಯಮವನ್ನು ನಾವೇ ಬರೆಯಬೇಕು. ‘ಗಿಟ್‌ಹಬ್’ ಎಂದು ಬರೆಯುವಾಗ ಟ್ ಮತ್ತು ಹ ಕೂಡಿಕೊಳ್ಳದಿರಲೆಂದು ನಡುವೆ ಕಣ್ಣಿಗೆ ಕಾಣದ ಬೇರ್ಪಡಿಕೆಯ ಸಂಕೇತವೊಂದನ್ನು ಒತ್ತುತ್ತೇವಲ್ಲ, ಅಲ್ಲಿ ತುಂಡು ಮುಗಿಯುವುದು ಕೊಂಬಿನಲ್ಲಲ್ಲ, ಆ ಸಂಕೇತದಲ್ಲಿ. ಆದ್ದರಿಂದ ನಿಯಮ ಅಲ್ಲಿ ತಪ್ಪು ಮಾಡುವುದಿಲ್ಲ. ಇಂಥ ವಿವರಗಳನ್ನು ಕನ್ನಡ ಟೈಪ್ ಮಾಡುವವರಲ್ಲದೆ ಬೇರೆ ಯಾರೂ ತಾವಾಗಿ ಯೋಚಿಸಲಾರರು.

ಇದೇ ಪದವನ್ನು ಮೂರು ಆಯಾಮದ ವೆಬ್‌ಜಿಎಲ್ ಕ್ರಮದಲ್ಲಿ ಮೂಡಿಸಿದರೆ ಕಥೆ ಬೇರೆಯಾಗುತ್ತದೆ. ಎರಡು ಆಯಾಮದ ಕ್ಯಾನ್ವಾಸ್‌ನಲ್ಲಿ ಅಕ್ಷರ ಜೋಡಿಸುವ ಕೆಲಸವನ್ನು ಬ್ರೌಸರ್ ನೋಡಿಕೊಳ್ಳುತ್ತದೆ, ಅದಕ್ಕೆ ಒತ್ತಕ್ಷರ ಕೂಡಿಸುವುದು ಗೊತ್ತು. ವೆಬ್‌ಜಿಎಲ್‌ನಲ್ಲಿ ಗ್ರಂಥಾಲಯವೇ ಫಾಂಟ್ ಫೈಲನ್ನು ತೆರೆದು ಒಂದೊಂದು ಆಕಾರವನ್ನೂ ಎತ್ತಿ ಇಡುತ್ತದೆ. 1ರ ಸರಣಿಯಲ್ಲಿ ಈ ಕೆಲಸಕ್ಕೆ ಓಪನ್‌ಟೈಪ್.ಜೆಎಸ್ ಎಂಬ ಇನ್ನೊಂದು ಗ್ರಂಥಾಲಯದ ಬಳಕೆಯಿದೆ, ಕನ್ನಡದಂತಹ ಲಿಪಿಗಳಿಗೆ ಬೇಕಾದ ಜೋಡಣೆಯ ನಿಯಮಗಳು ಅದರಲ್ಲಿ ಪೂರ್ತಿಯಾಗಿ ಇಲ್ಲ. ಇಲ್ಲಿ ಪದ ಒಡೆದರೆ ಅದು ನಮ್ಮ ಕೈತಪ್ಪಲ್ಲ. ಸದ್ಯಕ್ಕೆ ಎರಡು ಆಯಾಮದ ಗ್ರಾಫಿಕ್ಸ್ ಹಾಳೆಯೊಂದರ ಮೇಲೆ ಪದ ಮೂಡಿಸಿ, ಆ ಹಾಳೆಯನ್ನು ಮೂರು ಆಯಾಮದ ಮೇಲ್ಮೈಗೆ ಹೊದಿಸಿ ದಾಟಿಕೊಳ್ಳಬಹುದು.

ಒಂದೇ ಪದದಿಂದ ಎರಡು ಬೇರೆ ಬೇರೆ ಕೊಡುಗೆಗಳು ಹುಟ್ಟಿದವು ಎಂಬುದನ್ನು ಗಮನಿಸಿ. ಮೊದಲನೆಯದರಲ್ಲಿ ಗ್ರಂಥಾಲಯದ ಕೋಡಿನಲ್ಲಿ ತಿದ್ದುವುದಕ್ಕೆ ಏನೂ ಇಲ್ಲ. ಲ್ಯಾಟಿನ್ ಅಲ್ಲದ ಲಿಪಿಗಳ ಪದವನ್ನು ಹೇಗೆ ಬಿಡಿಸಬೇಕೆಂದು ತೋರಿಸುವ ಉದಾಹರಣೆಯೊಂದನ್ನು ದಾಖಲೆಗೆ ಸೇರಿಸುವ ಪ್ರಸ್ತಾವ ಮುಂದಿಡಬಹುದು. ಎರಡನೆಯದರಲ್ಲಿ ನಿಜವಾದ ಕೊರತೆಯ ವರದಿ ಕೊಡಬಹುದು. ಬೇರ್ಪಡಿಸದೆ ಎರಡನ್ನೂ ಕಲಸಿ ಬರೆದಿದ್ದರೆ ಓದಿದವರಿಗೆ ಏನೂ ತಿಳಿಯುತ್ತಿರಲಿಲ್ಲ.

ಎರಡನೆಯ ಹಂತ: ಇಶ್ಯೂ ಬರೆಯುವುದು

ಪಿ5.ಜೆಎಸ್‌ನಲ್ಲಿ ಪುಲ್ ರಿಕ್ವೆಸ್ಟ್‌ಗಿಂತ (ನಮ್ಮ ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಮೊದಲು ಇಶ್ಯೂ (ತೊಂದರೆ ಅಥವಾ ಸಲಹೆಯ ಕುರಿತ ಬರಹ) ಇರಬೇಕು. ಅದರ ಮೇಲೆ ಚರ್ಚೆ ನಡೆದು, ನಿರ್ವಾಹಕರಲ್ಲೊಬ್ಬರು ಒಪ್ಪಿ, ಕೆಲಸವನ್ನು ನಿಮಗೆ ವಹಿಸಿದ ಮೇಲೆಯೇ ಕೋಡಿಗೆ ಕೈಹಚ್ಚಬೇಕು. ಈ ನಿಯಮ ಸುಮ್ಮನೆ ಬಂದದ್ದಲ್ಲ. ನಾನು ವರ್ಷಗಳ ಹಿಂದೆ ಬೇರೊಂದು ಸಣ್ಣ ಯೋಜನೆಗೆ ಯಾರನ್ನೂ ಕೇಳದೆ ಪುಲ್ ರಿಕ್ವೆಸ್ಟ್ ಕಳಿಸಿದ್ದೆ. ತಿದ್ದಿದ್ದು ಒಂದು ಸಾಲು. ನನ್ನ ಎಡಿಟರ್ ಫೈಲ್ ಉಳಿಸುವಾಗ ತಾನಾಗಿ ಎಲ್ಲ ಸಾಲುಗಳ ಖಾಲಿ ಜಾಗವನ್ನು ಸರಿಪಡಿಸಿದ್ದರಿಂದ ನೂರಾರು ಸಾಲು ಬದಲಾದಂತೆ ಕಾಣಿಸಿತು. ಮೇಲಾಗಿ ಅದೇ ತಿದ್ದುಪಡಿಯನ್ನು ಇನ್ನೊಬ್ಬರು ಆಗಲೇ ಮಾಡುತ್ತಿದ್ದರು. ಆ ಯೋಜನೆಯವರು ಸಭ್ಯವಾಗಿ ಬೇಡವೆಂದರು, ನಾಚಿಕೆಯಾದದ್ದು ನನಗೆ.

ಆದ್ದರಿಂದ ಮೊದಲು ಹುಡುಕಿ. ತೆರೆದಿರುವ ಇಶ್ಯೂಗಳಲ್ಲಿ ಮಾತ್ರವಲ್ಲ, ಮುಚ್ಚಿದವುಗಳಲ್ಲಿಯೂ ಹುಡುಕಬೇಕು. ‘ಕನ್ನಡ’ ಎಂದು ಹುಡುಕಿದರೆ ಏನೂ ಸಿಗದಿರಬಹುದು. ದೇವನಾಗರಿ, ಅರೇಬಿಕ್, ತಮಿಳು, ಲಿಗೇಚರ್ (ಕೂಡಿದ ಅಕ್ಷರ) ಎಂಬ ಪದಗಳಿಂದಲೂ ಹುಡುಕಿ ನೋಡಿ, ಏಕೆಂದರೆ ನಮ್ಮ ತೊಂದರೆ ಅವರ ಹೆಸರಿನಲ್ಲಿ ಆಗಲೇ ದಾಖಲಾಗಿರುವ ಸಾಧ್ಯತೆ ಹೆಚ್ಚು. ಹಾಗೇನಾದರೂ ಸಿಕ್ಕಿದರೆ ಹೊಸದನ್ನು ತೆರೆಯಬೇಡಿ, ಅಲ್ಲಿಯೇ ಕನ್ನಡದ ಚಿತ್ರವನ್ನೂ ಕೋಡನ್ನೂ ಸೇರಿಸಿ.

ಹೊಸದಾಗಿ ಬರೆಯುವುದಾದರೆ ಯೋಜನೆಯೇ ಕೊಟ್ಟಿರುವ ನಮೂನೆಯನ್ನು ಬಳಸಬೇಕು. ಪಿ5.ಜೆಎಸ್‌ನ ಆವೃತ್ತಿ, ಬ್ರೌಸರ್ ಮತ್ತು ಅದರ ಆವೃತ್ತಿ, ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್, ದೋಷವನ್ನು ಮರಳಿ ಕಾಣುವ ಕ್ರಮ, ಅತಿ ಚಿಕ್ಕ ಕೋಡ್ ತುಣುಕು ಇವಿಷ್ಟನ್ನು ಅದು ಕೇಳುತ್ತದೆ. ಬರೆಯುವುದು ಇಂಗ್ಲಿಷಿನಲ್ಲಿ, ಆದರೆ ಚೆಂದದ ಇಂಗ್ಲಿಷ್ ಬೇಕಿಲ್ಲ. ನಾನು ಮೊದಲು ಕನ್ನಡದಲ್ಲಿ ಹೀಗೆ ಬರೆದುಕೊಳ್ಳುತ್ತೇನೆ: “ವೆಬ್‌ಜಿಎಲ್ ಕ್ರಮದಲ್ಲಿ ಕನ್ನಡ ಫಾಂಟ್ ತೆರೆದು ‘ಯಕ್ಷಗಾನ’ ಎಂದು ಮೂಡಿಸಿದೆ. ಕ ಮತ್ತು ಷ ಕೂಡಿ ಕ್ಷ ಆಗಬೇಕಿತ್ತು. ಬದಲಿಗೆ ಕ, ಕೊಂಬು, ಷ ಬೇರೆಬೇರೆಯಾಗಿ ಬಂದವು. ಎರಡು ಆಯಾಮದ ಕ್ರಮದಲ್ಲಿ ಅದೇ ಫಾಂಟ್ ಸರಿಯಾಗಿದೆ. ಎರಡರ ಚಿತ್ರವೂ ಕೆಳಗಿದೆ.” ಇದನ್ನೇ ಸರಳ ವಾಕ್ಯಗಳಲ್ಲಿ ಇಂಗ್ಲಿಷಿಗೆ ತಂದರೆ ಮುಗಿಯಿತು. ಏನು ಆಗಬೇಕಿತ್ತು, ಏನು ಆಯಿತು ಎಂಬ ಎರಡು ವಾಕ್ಯಗಳು ಬಿಟ್ಟುಹೋದರೆ ಮಾತ್ರ ವರದಿ ಕೆಲಸಕ್ಕೆ ಬಾರದು. ಕನ್ನಡ ಓದಲು ಬಾರದ ನಿರ್ವಾಹಕರಿಗೆ ಸರಿಯಾದ ಕ್ಷ ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ತಪ್ಪಿದ ಜಾಗಕ್ಕೆ ಕೆಂಪು ಸುತ್ತು ಹಾಕಿ.

ಮೂರನೆಯ ಹಂತ: ಕೋಡನ್ನು ತಂದುಕೊಂಡು ತಿದ್ದುವುದು

ಕೆಲಸ ನಿಮಗೆ ವಹಿಸಿದ ಮೇಲೆ ಯೋಜನೆಯನ್ನು ಫೋರ್ಕ್ ಮಾಡಿ, ಅಂದರೆ ನಿಮ್ಮ ಖಾತೆಯಲ್ಲಿ ಅದರ ಪ್ರತಿ ಮಾಡಿಕೊಳ್ಳಿ. ಆ ಪ್ರತಿಯನ್ನು ಲ್ಯಾಪ್‌ಟಾಪ್‌ಗೆ ಕ್ಲೋನ್ ಮಾಡಿ, ಒಂದು ಹೊಸ ಬ್ರಾಂಚ್ (ಮೂಲವನ್ನು ಕೆಡಿಸದೆ ತಿದ್ದಲು ಬೇರೆಯಾದ ಕವಲು) ತೆರೆಯಿರಿ. ಬ್ರಾಂಚ್‌ಗೆ ಕೆಲಸವನ್ನು ಹೇಳುವ ಹೆಸರಿಡಿ. ಇಲ್ಲಿ ಎಡವುವ ಕಲ್ಲೊಂದಿದೆ: 1ರ ಸರಣಿ ಮತ್ತು 2ರ ಸರಣಿ ಬೇರೆಬೇರೆ ಬ್ರಾಂಚ್‌ಗಳಲ್ಲಿ ಬೆಳೆದಿವೆ. ನಿಮ್ಮ ತಿದ್ದುಪಡಿ ಯಾವುದಕ್ಕೆ ಸೇರಬೇಕೆಂದು ಇಶ್ಯೂನಲ್ಲಿಯೇ ಕೇಳಿ ತಿಳಿದುಕೊಳ್ಳದಿದ್ದರೆ ಒಂದು ವಾರದ ಕೆಲಸವನ್ನು ಮತ್ತೆ ಮಾಡಬೇಕಾದೀತು. ಎರಡರ ನಡುವಿನ ವ್ಯತ್ಯಾಸ ಮೇಲ್ನೋಟದ್ದಲ್ಲ. ಉದಾಹರಣೆಗೆ, ಚಿತ್ರ ಮತ್ತು ಫಾಂಟ್‌ಗಳನ್ನು ಮುಂಚಿತವಾಗಿ ತುಂಬಿಕೊಳ್ಳಲು 1ರ ಸರಣಿಯಲ್ಲಿದ್ದ ಪ್ರೀಲೋಡ್ ಎಂಬ ಫಂಕ್ಷನ್ 2.0ರಲ್ಲಿ ಇಲ್ಲ, ಅದರ ಜಾಗಕ್ಕೆ ಜಾವಾಸ್ಕ್ರಿಪ್ಟಿನ ಅಸಿಂಕ್ ಮತ್ತು ಅವೇಟ್ ಬಂದಿವೆ.

ಬಳಿಕ ನೋಡ್.ಜೆಎಸ್ ಜೊತೆಗೆ ಬರುವ ಎನ್‌ಪಿಎಂ ಎಂಬ ಸಾಧನದ ಮೂಲಕ ಅವಲಂಬನೆಗಳನ್ನು (ಯೋಜನೆಗೆ ಬೇಕಾದ ಇತರ ತಂತ್ರಾಂಶಗಳನ್ನು) ಹಾಕಿಕೊಳ್ಳಬೇಕು. ‘ಇನ್‌ಸ್ಟಾಲ್’ ಎನ್ನುವುದರ ಬದಲು ‘ಸಿಐ’ ಎಂಬ ಆದೇಶವನ್ನು ಬಳಸಿ; ಯೋಜನೆಯಲ್ಲಿ ದಾಖಲಾಗಿರುವ ಆವೃತ್ತಿಗಳನ್ನೇ ಅದು ಯಥಾವತ್ತಾಗಿ ತರುತ್ತದೆ, ನಿಮಗೆ ಅರಿವಿಲ್ಲದೆ ಬೇರೆ ಫೈಲುಗಳು ಬದಲಾಗುವುದಿಲ್ಲ. ಏನನ್ನೂ ಮುಟ್ಟುವ ಮೊದಲು ಒಮ್ಮೆ ಟೆಸ್ಟ್‌ಗಳನ್ನು (ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಮುಗಳನ್ನು) ಓಡಿಸಿ ನೋಡುವುದು ಒಳ್ಳೆಯದು. ಆಗಲೇ ಏನಾದರೂ ಸೋತಿದ್ದರೆ ಅದು ನಿಮ್ಮಿಂದಾದದ್ದಲ್ಲ ಎಂದು ಗೊತ್ತಿರುತ್ತದೆ.

ದಾಖಲೆ ಎಲ್ಲಿದೆ ಎಂಬ ವಿಷಯದಲ್ಲಿ ಹೊಸಬರಲ್ಲಿ ಹಲವರು ದಾರಿ ತಪ್ಪುತ್ತಾರೆ. ವೆಬ್‌ಸೈಟ್‌ನ ರೆಫರೆನ್ಸ್ ಪುಟದಲ್ಲಿ ತಪ್ಪು ಕಂಡರೆ ವೆಬ್‌ಸೈಟ್‌ನ ರೆಪೊಸಿಟರಿಗೆ ಹೋಗಿ ಹುಡುಕುತ್ತಾರೆ, ಅಲ್ಲಿ ಆ ವಾಕ್ಯ ಸಿಗುವುದಿಲ್ಲ. ರೆಫರೆನ್ಸ್‌ನ ಪಠ್ಯವೆಲ್ಲ ಗ್ರಂಥಾಲಯದ ಕೋಡಿನೊಳಗೆ, ಪ್ರತಿ ಫಂಕ್ಷನ್‌ನ ನೆತ್ತಿಯ ಮೇಲೆ ಟಿಪ್ಪಣಿಯಾಗಿ ಬರೆದಿರುತ್ತದೆ. ಅಲ್ಲಿಂದಲೇ ಪುಟಗಳು ತಯಾರಾಗುತ್ತವೆ. ಓರೆಗೆರೆ ಮತ್ತು ಎರಡು ನಕ್ಷತ್ರಗಳಿಂದ ಆರಂಭವಾಗುವ ಆ ಟಿಪ್ಪಣಿಯಲ್ಲಿ ಮೊದಲು ವಿವರಣೆ, ಬಳಿಕ ಪ್ಯಾರಾಮೀಟರ್‌ಗಳು, ‘ಎಕ್ಸಾಂಪಲ್’ ಎಂಬ ಗುರುತಿನ ಕೆಳಗೆ ಓಡುವ ಸ್ಕೆಚ್ಚುಗಳು ಇರುತ್ತವೆ. ಟ್ಯುಟೋರಿಯಲ್‌ಗಳು ಮಾತ್ರ ವೆಬ್‌ಸೈಟ್‌ನ ರೆಪೊಸಿಟರಿಯಲ್ಲಿವೆ.

ನಮ್ಮ ಪದ ಬಿಡಿಸುವ ಉದಾಹರಣೆಯನ್ನು ಟೆಕ್ಸ್ಟ್ ಫಂಕ್ಷನ್‌ನ ಟಿಪ್ಪಣಿಯಲ್ಲಿ ಬರೆಯುವುದಾದರೆ ಅದು ಹತ್ತು ಹದಿನೈದು ಸಾಲು ಮೀರಬಾರದು. ಕೊನೆಯಲ್ಲಿ ‘ಡಿಸ್ಕ್ರೈಬ್’ ಫಂಕ್ಷನ್‌ನ ಒಂದು ಸಾಲು ಇರಲೇಬೇಕು. ಕ್ಯಾನ್ವಾಸ್ ಎಂಬುದು ಸ್ಕ್ರೀನ್ ರೀಡರ್ ಬಳಸುವ ಅಂಧರ ಪಾಲಿಗೆ ಖಾಲಿ ಗೋಡೆ; ಅದರ ಮೇಲೇನಿದೆ ಎಂದು ಆ ಸಾಲು ಮಾತಿನಲ್ಲಿ ಹೇಳುತ್ತದೆ. ‘ಅಕ್ಷರಗಳ ಚಿತ್ರ’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ‘ಯಕ್ಷಗಾನ ಎಂಬ ಪದದ ನಾಲ್ಕು ಅಕ್ಷರಗಳು ಬೂದು ಹಿನ್ನೆಲೆಯ ಮೇಲೆ ಎಡದಿಂದ ಬಲಕ್ಕೆ ಮೆಟ್ಟಿಲಿನಂತೆ ಇಳಿಯುತ್ತವೆ’ ಎಂದು ಬರೆದರೆ ಕೇಳಿದವರಿಗೆ ಚಿತ್ರ ಮೂಡುತ್ತದೆ. ಉದಾಹರಣೆಗಳಲ್ಲಿ ಈ ವಿವರಣೆ ಇರಲೇಬೇಕೆಂಬುದು ಯೋಜನೆಯ ರೂಢಿ; ಇದೊಂದನ್ನೇ ಹುಡುಕಿ ತಿದ್ದುತ್ತ ಹೋದರೂ ಒಳ್ಳೆಯ ಕೊಡುಗೆಯಾಗುತ್ತದೆ.

ನಾಲ್ಕನೆಯ ಹಂತ: ಕಳಿಸುವುದು ಮತ್ತು ಕಾಯುವುದು

ಕಮಿಟ್ ಮಾಡುವ (ತಿದ್ದುಪಡಿಯನ್ನು ಗಿಟ್‌ನಲ್ಲಿ ದಾಖಲಿಸುವ) ಮುನ್ನ ಗಿಟ್‌ನ ‘ಡಿಫ್’, ಅಂದರೆ ಬದಲಾದ ಸಾಲುಗಳ ಪಟ್ಟಿ ತೆಗೆದು ಒಂದೊಂದು ಸಾಲನ್ನೂ ಓದಿ. ನೀವು ಮುಟ್ಟಬೇಕೆಂದುಕೊಂಡದ್ದಲ್ಲದೆ ಬೇರೇನಾದರೂ ಅಲ್ಲಿ ಕಂಡರೆ ಹಿಂತೆಗೆಯಿರಿ. ನನ್ನ ಹಳೆಯ ಪ್ರಸಂಗ ಅಷ್ಟರಿಂದಲೇ ತಪ್ಪುತ್ತಿತ್ತು. ಕಮಿಟ್ ಸಂದೇಶ ಒಂದು ವಾಕ್ಯದಲ್ಲಿರಲಿ. ಬ್ರಾಂಚನ್ನು ನಿಮ್ಮ ಫೋರ್ಕ್‌ಗೆ ಪುಶ್ ಮಾಡಿದ (ಕಳಿಸಿದ) ಬಳಿಕ ಪುಲ್ ರಿಕ್ವೆಸ್ಟ್ ತೆರೆದು, ಯಾವ ಇಶ್ಯೂವನ್ನು ಇದು ಬಗೆಹರಿಸುತ್ತದೆಂದು ಅದರ ಸಂಖ್ಯೆಯನ್ನು ನಮೂದಿಸಿ. ಕಣ್ಣಿಗೆ ಕಾಣುವ ಬದಲಾವಣೆಯಾದರೆ ಮೊದಲಿನ ಮತ್ತು ಈಗಿನ ಚಿತ್ರಗಳನ್ನು ಹಾಕಿ. ತೆರೆದ ಕೂಡಲೇ ಟೆಸ್ಟ್‌ಗಳು ತಾವಾಗಿ ಓಡುತ್ತವೆ, ಕೆಂಪು ಗುರುತು ಬಂದರೆ ಅದನ್ನು ಒತ್ತಿ ಕಾರಣ ಓದಬೇಕು.

ಇಲ್ಲಿಂದ ಮುಂದೆ ತಾಳ್ಮೆಯ ಕೆಲಸ. ನಿರ್ವಾಹಕರಲ್ಲಿ ಅನೇಕರು ಸ್ವಯಂಸೇವಕರು. ಅಕ್ಷರ, ವೆಬ್‌ಜಿಎಲ್, ಅಂಗವಿಕಲರ ಪ್ರವೇಶ ಹೀಗೆ ಒಂದೊಂದು ವಿಭಾಗವನ್ನು ಒಬ್ಬೊಬ್ಬರು ಅಥವಾ ಇಬ್ಬಿಬ್ಬರು ನೋಡಿಕೊಳ್ಳುತ್ತಾರೆ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನಯವಾಗಿ ನೆನಪಿಸಬಹುದು, ದಿನಕ್ಕೊಮ್ಮೆ ಕೇಳಬಾರದು. ‘ಇಲ್ಲಿ ಹೀಗೇಕೆ ಮಾಡಿದಿರಿ’ ಎಂಬ ಪ್ರಶ್ನೆ ಬಂದಾಗ ನಮ್ಮ ಕಡೆಯ ಹುಡುಗರು ಅದನ್ನು ಬೈಗುಳವೆಂದು ತಿಳಿದು ತಕ್ಷಣ ‘ಕ್ಷಮಿಸಿ ಸರ್, ತೆಗೆಯುತ್ತೇನೆ’ ಎಂದು ಬರೆಯುವುದನ್ನು ನೋಡಿದ್ದೇನೆ. ಕೇಳಿದವರಿಗೆ ನಿಜವಾಗಿಯೂ ಕಾರಣ ಬೇಕಾಗಿರುತ್ತದೆ. ಕಾರಣವಿದ್ದರೆ ಹೇಳಬೇಕು. ಇಲ್ಲಿ ‘ಸರ್’ ಎನ್ನುವ ರೂಢಿಯೂ ಇಲ್ಲ, ಎಲ್ಲರೂ ಹೆಸರು ಹಿಡಿದೇ ಮಾತಾಡುತ್ತಾರೆ. ಯಂತ್ರದಿಂದ ಬರೆಯಿಸಿದ ಕೋಡನ್ನು ತಿಳಿಯದೆ ಅಂಟಿಸಿದವರು ಈ ಪ್ರಶ್ನೆಯ ಎದುರು ಸಿಕ್ಕಿಬೀಳುತ್ತಾರೆ.

ಕನ್ನಡ ಅನುವಾದದ ದಾರಿ

ಪಿ5.ಜೆಎಸ್ ವೆಬ್‌ಸೈಟ್ ಇಂಗ್ಲಿಷ್ ಅಲ್ಲದೆ ಸ್ಪ್ಯಾನಿಷ್, ಹಿಂದಿ, ಕೊರಿಯನ್ ಮತ್ತು ಚೀನೀ ಭಾಷೆಗಳಲ್ಲಿದೆ. ‘ಕನ್ನಡವನ್ನೂ ಸೇರಿಸೋಣ’ ಎಂಬ ಹುರುಪು ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಆದರೆ ಹೊಸ ಭಾಷೆಯೊಂದನ್ನು ಸೇರಿಸುವುದೆಂದರೆ ಒಂದು ಸಲದ ಕೆಲಸವಲ್ಲ, ಇಂಗ್ಲಿಷ್ ಪುಟ ಬದಲಾದಾಗಲೆಲ್ಲ ಕನ್ನಡದ್ದೂ ಬದಲಾಗಬೇಕು. ಕಾರವಾರದಿಂದ ಭಟ್ಕಳದವರೆಗೆ ನಾಲ್ಕೈದು ಜನರಾದರೂ ವರ್ಷಗಟ್ಟಲೆ ನಿಲ್ಲುವವರಿದ್ದಾರೆಯೇ ಎಂದು ನೋಡಿಕೊಂಡು, ಮೊದಲು ಇಶ್ಯೂ ಮೂಲಕ ಕೇಳಿಯೇ ಹೊರಡಬೇಕು. ಅರ್ಧಕ್ಕೆ ನಿಂತ ಅನುವಾದಕ್ಕಿಂತ ಅನುವಾದ ಇಲ್ಲದಿರುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ, ಇದನ್ನು ಒಪ್ಪದವರೂ ಇದ್ದಾರೆ.

ಆರಂಭಕ್ಕೆ ನಾನು ಸೂಚಿಸುವುದು ದೋಷ ಸಂದೇಶಗಳನ್ನು. ಕಲಿಯುವವರು ತಪ್ಪು ಮಾಡಿದಾಗ ಬ್ರೌಸರ್‌ನ ಒರಟು ಸಂದೇಶದ ಬದಲು ತಿಳಿಯಾದ ವಿವರಣೆ ಕೊಡುವ ವ್ಯವಸ್ಥೆ ಪಿ5.ಜೆಎಸ್‌ನಲ್ಲಿದೆ, ಅದನ್ನು ಫ್ರೆಂಡ್ಲಿ ಎರರ್ ಸಿಸ್ಟಮ್ ಎನ್ನುತ್ತಾರೆ. ಅದರ ವಾಕ್ಯಗಳು ಭಾಷೆಗೊಂದು ಫೈಲಿನಂತೆ ಇರುತ್ತವೆ, ಬೆಳೆದರೂ ಮಿತಿಯೊಳಗಿನ ಕೆಲಸ. ಇದರಲ್ಲಿ ಕನ್ನಡಕ್ಕೇ ಮೀಸಲಾದ ತೊಡಕೊಂದು ಎದುರಾಗುತ್ತದೆ. ಸಂದೇಶದಲ್ಲಿ ಫಂಕ್ಷನ್‌ನ ಹೆಸರು ಬರುವ ಕಡೆ ಖಾಲಿ ಗೂಡನ್ನು ಬಿಟ್ಟಿರುತ್ತಾರೆ, ಓಡುವಾಗ ಅಲ್ಲಿ ಸರ್ಕಲ್, ಲೈನ್, ಬ್ಯಾಕ್‌ಗ್ರೌಂಡ್ ಹೀಗೆ ಯಾವುದೋ ಹೆಸರು ತುಂಬಿಕೊಳ್ಳುತ್ತದೆ. ಇಂಗ್ಲಿಷಿಗೆ ಇದು ಸುಲಭ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಬೇಕು, ಪದದ ಕೊನೆ ನೋಡಿ ರೂಪ ಬದಲಾಗಬೇಕು: ‘ಸರ್ಕಲ್‌ನಲ್ಲಿ’ ಸರಿ, ಆದರೆ ‘ಡ್ರಾ’ಕ್ಕೆ ಅದೇ ಪ್ರತ್ಯಯ ಅಂಟಿಸಿದರೆ ಕಿವಿಗೆ ಮುಳ್ಳು. ಅದರ ಮೇಲೆ ಹೆಸರು ಇರುವುದು ಲ್ಯಾಟಿನ್ ಲಿಪಿಯಲ್ಲಿ, ಪ್ರತ್ಯಯ ಕನ್ನಡದಲ್ಲಿ. ಪರಿಹಾರವೆಂದರೆ ಪ್ರತ್ಯಯವನ್ನು ಗೂಡಿಗೆ ಅಂಟಿಸದೆ ಪಕ್ಕದ ಸ್ಥಿರ ಪದಕ್ಕೆ ಅಂಟಿಸುವುದು: ಹೆಸರಿನ ಮುಂದೆ ‘ಎಂಬ ಫಂಕ್ಷನ್‌ಗೆ ಮೊದಲನೆಯ ಪ್ಯಾರಾಮೀಟರ್ ಆಗಿ ಸಂಖ್ಯೆ ಬೇಕಿತ್ತು, ಪಠ್ಯ ಸಿಕ್ಕಿದೆ’ ಎಂದು ಬರೆದರೆ ಯಾವ ಹೆಸರು ಬಂದರೂ ವಾಕ್ಯ ಕುಂಟುವುದಿಲ್ಲ.

ಪಾರಿಭಾಷಿಕ ಪದಗಳ ಬಗೆಗೆ ಜಗಳ ಆಗಿಯೇ ಆಗುತ್ತದೆ, ಮೊದಲೇ ಒಂದು ಪಟ್ಟಿ ಮಾಡಿ ಎಲ್ಲರೂ ಒಪ್ಪಿಕೊಳ್ಳಿ. ನನ್ನ ಮಕ್ಕಳಿಗೆ ‘ಫಂಕ್ಷನ್’, ‘ಲೂಪ್’, ‘ಮೌಸ್’ ಎಂದರೆ ತಿಳಿಯುತ್ತದೆ. ‘ವೇರಿಯೇಬಲ್’ ಎಂದಾಗ ಮುಖ ನೋಡುತ್ತಾರೆ, ಗಣಿತದ ಪುಸ್ತಕದ ‘ಚರ’ ಎಂದ ಕೂಡಲೇ ತಲೆಯಾಡಿಸುತ್ತಾರೆ. ನಿಘಂಟನ್ನಲ್ಲ, ತರಗತಿಯನ್ನು ಕೇಳಿ ಪದ ಆರಿಸಬೇಕು.

ಕೋಡ್ ಬರೆಯದವರಿಗೆ

ಬೇರೆಯವರು ವರದಿ ಮಾಡಿದ ದೋಷ ನಿಮ್ಮ ಹಳೆಯ ಫೋನಿನಲ್ಲಿಯೂ ಬರುತ್ತದೆಯೇ ಎಂದು ನೋಡಿ ಬರೆಯುವುದು ಹತ್ತು ನಿಮಿಷದ ಕೆಲಸ, ಅದಕ್ಕೆ ಬೆಲೆ ಬಹಳ. ಹೊಸ ಆವೃತ್ತಿಯ ಬೀಟಾ (ಪರೀಕ್ಷೆಗಾಗಿ ಮುಂಚಿತವಾಗಿ ಬಿಡುವ ಪ್ರತಿ) ಬಂದಾಗ ನಿಮ್ಮ ಹಳೆಯ ಸ್ಕೆಚ್ಚುಗಳನ್ನು ಅದರ ಮೇಲೆ ಓಡಿಸಿ ನೋಡಬಹುದು. ಉದಾಹರಣೆಗಳನ್ನು ನಮ್ಮ ಸುತ್ತಲಿನಿಂದ ತರಬಹುದು. ಕಾರವಾರದ ಕಡಲಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಭರತಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಈ ಒಂದು ಸಂಖ್ಯೆಯನ್ನು ಕೊಸೈನ್ ಫಂಕ್ಷನ್‌ಗೆ ಕೊಟ್ಟರೆ ಕಾಳಿ ನದಿಯ ಮುಖದಲ್ಲಿ ನೀರು ಏರಿಳಿಯುವ ಸ್ಕೆಚ್ ತಯಾರಾಗುತ್ತದೆ, ತ್ರಿಕೋನಮಿತಿ ಏಕೆ ಬೇಕೆಂದು ಕೇಳುವ ಮೀನುಗಾರರ ಮನೆಯ ಹುಡುಗನಿಗೆ ಬೇರೆ ಉತ್ತರ ಬೇಕಾಗುವುದಿಲ್ಲ. ಅಂಕೋಲಾ, ಕುಮಟಾ ಕಡೆಯ ದೇವಸ್ಥಾನಗಳ ಗೋಡೆಯ ಕೆಂಪು ಬಿಳಿ ಕಾವಿ ಕಲೆಯೂ ದೀವರ ಮನೆಗಳ ಹಸೆ ಚಿತ್ತಾರವೂ ಮರುಕಳಿಸುವ ಆಕಾರಗಳಿಂದ ಆದವು, ಲೂಪ್ ಕಲಿಸಲು ಹೇಳಿ ಮಾಡಿಸಿದಂತಿವೆ. ಆದರೆ ಗ್ರಂಥಾಲಯದ ಉದಾಹರಣೆಗೆ ಒಂದು ಹಸೆಯನ್ನು ಹಾಗೆಯೇ ನಕಲು ಮಾಡಿ ಹಾಕುವ ಮೊದಲು ಅದನ್ನು ಬರೆದ ಅಮ್ಮನನ್ನೋ ಅಕ್ಕನನ್ನೋ ಕೇಳಿ, ಒಪ್ಪಿದರೆ ಅವರ ಹೆಸರನ್ನೂ ಸೇರಿಸಿ. ಮುಕ್ತ ಪರವಾನಗಿಯಲ್ಲಿ ಒಮ್ಮೆ ಹೋದದ್ದನ್ನು ಹಿಂದಕ್ಕೆ ಕೇಳುವಂತಿಲ್ಲ ಎಂಬುದನ್ನು ಅವರಿಗೆ ಬಿಡಿಸಿ ಹೇಳುವುದು ನಮ್ಮ ಹೊಣೆ.

ಪುಲ್ ರಿಕ್ವೆಸ್ಟ್ ಒಳಸೇರಿದ ಮೇಲೆ ಎರಡು ಸಣ್ಣ ಕೆಲಸಗಳು ಉಳಿಯುತ್ತವೆ. ಮುಗಿದ ಬ್ರಾಂಚನ್ನು ಅಳಿಸಿ, ನಿಮ್ಮ ಫೋರ್ಕನ್ನು ಮೂಲದೊಂದಿಗೆ ಸರಿಹೊಂದಿಸಿಕೊಳ್ಳಿ, ಇಲ್ಲವಾದರೆ ಮುಂದಿನ ಸಲ ಹಳೆಯ ನೆಲದ ಮೇಲೆ ಕಟ್ಟಡ ಎಬ್ಬಿಸುತ್ತೀರಿ. ಕೊಡುಗೆದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ಆಲ್ ಕಾಂಟ್ರಿಬ್ಯೂಟರ್ಸ್ ಎಂಬ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಇದೆ; ಕೋಡ್, ದಾಖಲೆ, ಅನುವಾದ, ದೋಷ ವರದಿ ಎಂದು ಕೆಲಸದ ಬಗೆಯನ್ನೂ ಅದು ಗುರುತಿಸುತ್ತದೆ. ತರಗತಿಯಲ್ಲಿ ದೋಷವನ್ನು ಮೊದಲು ಕಂಡವರು ಬೇರೆ, ಇಂಗ್ಲಿಷಿನಲ್ಲಿ ಬರೆದು ಕಳಿಸಿದವರು ಬೇರೆ ಆಗಿದ್ದರೆ ದೋಷ ವರದಿಯ ಗುರುತು ಕಂಡವರ ಹೆಸರಿಗೆ ಹೋಗುವಂತೆ ಕೇಳಿಕೊಳ್ಳಿ. ಅದಕ್ಕಾಗಿ ಅವರಿಗೊಂದು ಗಿಟ್‌ಹಬ್ ಖಾತೆ ಬೇಕು. 13 ವರ್ಷ ತುಂಬದವರಿಗೆ ಗಿಟ್‌ಹಬ್ ಖಾತೆ ತೆರೆಯಲು ಬಿಡುವುದಿಲ್ಲವಾದ್ದರಿಂದ ಕಿರಿಯ ಮಕ್ಕಳ ವಿಷಯದಲ್ಲಿ ಮಾತ್ರ ಕಾಯಬೇಕಾಗುತ್ತದೆ.